ಕೊನೆಯ ಬೋಟು ನಂಬಬೇಡ, ತಮ್ಮಾ

ಮೊನ್ನೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀನು ಮೊಬೈಲು ನನ್ನ ಮುಂದೆ ಹಿಡಿದೆ. ನೀಲಿ ನೀರು, ಜೋಳದ ಹಿಟ್ಟಿನಂಥ ಬಿಳಿ ಉಸುಕು, ನೀರಿನ ಕಡೆ ವಾಲಿದ ತೆಂಗಿನ ಗಿಡ. “ಅಜ್ಜಾ, ನಾವು ಐದು ಮಂದಿ ಅಂಡಮಾನಕ್ಕ ಹೊಂಟೇವಿ. ಮೇ ತಿಂಗಳ ಕಡೀ ವಾರ. ಮೂರು ದಿನದಾಗ ಎಲ್ಲಾ ದ್ವೀಪ ನೋಡಿ ಬರ್ತೇವಿ. ಪ್ಯಾಕೇಜ್ ಬಾಳ ಸೋವಿ ಐತಿ” ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ರಾಯಬಾಗದ ಬಸ್ಸು ಬಂತು. ಅದು ನಿಲ್ಲುವ ಮೊದಲೇ ನೀನು ಜಿಗಿದು ಹತ್ತಿ ಹೋದೆ. ಸಣ್ಣವನಿದ್ದಾಗಿನ ಆ ಚಾಳಿ ಇನ್ನೂ ಬಿಟ್ಟಿಲ್ಲ ನೀನು. ಅಂದು ಹೇಳಬೇಕೆಂದಿದ್ದನ್ನು ಈಗ ಬರೆಯುತ್ತಿದ್ದೇನೆ. ಕೂತು ಓದು. ಬಸ್ಸಿಗೆ ಕಾಯುತ್ತ ನಿಂತು ಓದಬೇಡ.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗದ ರಸ್ತೆಗಳ ತಗ್ಗು-ದಿನ್ನೆ ನನ್ನ ಮೊಣಕಾಲಿಗೆ ಇವತ್ತಿಗೂ ನೆನಪಿವೆ. ಕೊನೆಯ ಬಸ್ಸು ತಪ್ಪಿಸಿಕೊಂಡವರ ಮುಖ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಅವರು ಸೋಮಾರಿಗಳಲ್ಲ. “ಇನ್ನೂ ಹತ್ತು ಮಿನಿಟ್ ಐತಿ ತಗೊ” ಅಂದವರು, ಅಷ್ಟೇ. ಆ ಹತ್ತು ನಿಮಿಷಕ್ಕಾಗಿ ಜೀಪಿನವನಿಗೆ ಹತ್ತು ಪಟ್ಟು ಕೊಟ್ಟು ರಾತ್ರಿ ಊರು ಮುಟ್ಟಿದರು. ಆದರೂ ಮುಟ್ಟಿದರು, ಯಾಕೆಂದರೆ ರಸ್ತೆ ಇತ್ತು. ದ್ವೀಪಕ್ಕೆ ಜೀಪು ಹೋಗುವುದಿಲ್ಲ, ತಮ್ಮಾ.

ದ್ವೀಪ ಅಂದರೆ ಏನೆಂದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನಾವು ಅದಕ್ಕೆ ನಡುಗಡ್ಡೆ ಅನ್ನುತ್ತೇವೆ. ಮಳೆಗಾಲದಲ್ಲಿ ಕಲ್ಲೋಳ–ಯಡೂರ ಸೇತುವೆ ಮುಳುಗಿತೆಂದರೆ ಆಚೆ ದಂಡೆಯ ಮನೆ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಉಕ್ಕಿ ಬಂದಾಗ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಎಷ್ಟು ಊರು ನೀರಿನ ನಡುವೆ ನಿಂತಿದ್ದವು ನೆನಪು ಮಾಡಿಕೊ. ಅವತ್ತು ಕಿಸೆಯಲ್ಲಿ ದುಡ್ಡಿದ್ದವನೂ ದೋಣಿಗೇ ಕಾದ, ಇಲ್ಲದವನೂ ದೋಣಿಗೇ ಕಾದ. ನೀನು ಹೋಗುತ್ತಿರುವ ಜಾಗದಲ್ಲಿ ವರ್ಷವಿಡೀ ಅದೇ ಕಾಯಿದೆ. ಅಲ್ಲಿ ಗಡಿಬಿಡಿ ಮಾಡುವವನಿಗೆ ಖರ್ಚು ಹೆಚ್ಚು, ದಿನ ಕೈಯಲ್ಲಿಟ್ಟುಕೊಂಡು ಹೋದವನಿಗೆ ಖರ್ಚು ಕಡಿಮೆ. ನನಗೆ ನಿನ್ನ ಹತ್ತಿರ ಹೇಳಲಿಕ್ಕಿರುವುದು ಇದೊಂದೇ. ಉಳಿದದ್ದೆಲ್ಲ ಇದರ ಬಾಲ.

ನೀನು ಮೊದಲು ಪ್ಯಾಕೇಜ್ ಹುಡುಕಿದೆ, ಆಮೇಲೆ ತಾರೀಖು ನೋಡಿದೆ. ಅದು ತಿರುಗುಮುರುಗು. ಮೊದಲು ತಿಂಗಳು ನೋಡಬೇಕು. ಬಿತ್ತುವ ಮುಂಚೆ ಹದ ನೋಡುವ ಮನೆತನದ ಹುಡುಗ ನೀನು, ಇಷ್ಟು ಹೇಗೆ ಮರೆತೆ? ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರುವ ಮುಂಗಾರು ಅಂಡಮಾನ ಸಮುದ್ರಕ್ಕೆ ಅದಕ್ಕಿಂತ ಮೊದಲೇ, ಮೇ ತಿಂಗಳ ಮೂರನೇ ವಾರದ ಆಸುಪಾಸಿನಲ್ಲಿ ಮುಟ್ಟುತ್ತದೆ. ನೀನು ಹೊರಟಿದ್ದೇ ಆ ಮಳೆಯ ಬಾಯಿಗೆ. ಹಾಗಂತ ನವೆಂಬರಿಗೆ ಹೋಗುತ್ತೇನೆ ಅನ್ನಬೇಡ. ಆಗ ಹಿಂಗಾರು, ಚಂಡಮಾರುತದ ಕಾಲ. 2016ರ ಡಿಸೆಂಬರಿನಲ್ಲಿ ವಾರ್ದಾ ಚಂಡಮಾರುತ ಎದ್ದಾಗ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ 1,400ಕ್ಕೂ ಹೆಚ್ಚು ಪ್ರವಾಸಿಗಳು ಸಿಕ್ಕಿಬಿದ್ದು, ನೌಕಾಪಡೆಯ ಹಡಗುಗಳು ಹೋಗಿ ಅವರನ್ನು ತರಬೇಕಾಯಿತು. ಜನವರಿಯಿಂದ ಏಪ್ರಿಲ್ ಅಲ್ಲಿಯ ಹದ. ನಿನ್ನ ಹೊಲದ ಲೆಕ್ಕಕ್ಕೂ ಅದು ಹೊಂದುತ್ತದೆ. ಗ್ಯಾಂಗಿನವರು ಬಂದು ಕಬ್ಬು ಕಡಿದು ಕಾರ್ಖಾನೆಗೆ ಹೋಗಲಿ, ಮೊದಲ ಬಿಲ್ಲು ಬರಲಿ. ಮಾರ್ಚ್ ಮೊದಲ ವಾರ ಹೊರಡು. ಅದು ಮಕ್ಕಳ ಪರೀಕ್ಷೆಯ ಕಾಲ. ಸಂಸಾರಸ್ಥರು ಮನೆ ಬಿಟ್ಟು ಏಳುವುದಿಲ್ಲ. ಹಾಗಾಗಿ ವಿಮಾನದ ಟಿಕೆಟೂ ಇಳಿಯುತ್ತದೆ, ರೂಮಿನ ಬಾಡಿಗೆಯೂ ಇಳಿಯುತ್ತದೆ. ಮದುವೆಯಾಗದ ನಿನಗೆ ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನೇನು?

ಈಗ ದುಡ್ಡಿನ ಮಾತಿಗೆ ಬರೋಣ. ನಾವು ಅಂಡಮಾನಕ್ಕೆ ಹೋಗಿದ್ದು 2019ರ ಫೆಬ್ರವರಿಯಲ್ಲಿ. ನಾನು, ನಿಮ್ಮ ಅಜ್ಜಿ, ಮಗಳು, ಅಳಿಯ. ಒಟ್ಟು ನಾಲ್ಕು ಮಂದಿ, ಅಲ್ಲಿ ಆರು ರಾತ್ರಿ. ಕಂಡಕ್ಟರನ ಕೈ, ಲೆಕ್ಕ ಬರೆಯದೆ ಇರಲಾರದು. ಘಟಪ್ರಭಾದಿಂದ ಬೆಂಗಳೂರಿನ ಮೇಲೆ ಚೆನ್ನೈಗೆ ಹೋಗಿ ಬರುವ ರೈಲು 5,600. ಚೆನ್ನೈಯಿಂದ ಹೋಗಿ ಬರುವ ವಿಮಾನ 38,400. ಎರಡು ರೂಮಿಗೆ ಆರು ರಾತ್ರಿಯ ಬಾಡಿಗೆ 14,400. ದ್ವೀಪದಿಂದ ದ್ವೀಪಕ್ಕೆ ಸರ್ಕಾರಿ ಹಡಗು 5,200. ಊಟ-ಚಹಾ 11,300. ಆಟೋ, ಬಸ್ಸು, ಪ್ರವೇಶದ ಚೀಟಿ, ಸಣ್ಣಪುಟ್ಟದ್ದು 6,100. ಕೂಡಿಸು. 81,000. ತಲೆಗೆ ಇಪ್ಪತ್ತು ಸಾವಿರದ ಮೇಲೆ ಇನ್ನೂರೈವತ್ತು.

ಈಗಿನ ದರ ಬೇರೆ ಇರುತ್ತದೆ. ಅದನ್ನು ನೋಡಬೇಡ. ದುಡ್ಡು ಎಲ್ಲಿ ಹೋಯಿತು ಅನ್ನುವುದನ್ನು ನೋಡು. ಹೋಗಿ ಬರುವುದಕ್ಕೇ 44,000, ಅಂದರೆ ಅರ್ಧಕ್ಕಿಂತ ಜಾಸ್ತಿ. ಅಲ್ಲಿ ಮೂರು ದಿನ ಇದ್ದಿದ್ದರೂ ಆ 44,000 ಕೊಡಲೇಬೇಕಿತ್ತು, ಹತ್ತು ದಿನ ಇದ್ದಿದ್ದರೂ ಅಷ್ಟೇ. ಹಾಗಿದ್ದ ಮೇಲೆ ಮೂರು ದಿನದಲ್ಲಿ ಓಡಿ ಬರುವ ನಿನ್ನ ಯೋಜನೆ ಹೇಗಿದೆ ಗೊತ್ತೇನು? ಗಾಡಿ ಕಟ್ಟಿ, ಇಡೀ ದಿನ ಎತ್ತು ಹೊಡೆದು ಸಂತೆಗೆ ಹೋಗಿ, ಒಂದು ಕಟ್ಟು ಮೆಂತೆ ಪಲ್ಯ ತಂದ ಹಾಗೆ. ದೂರದ ದ್ವೀಪಕ್ಕೆ ಹೋದರೆ ಒಂದು ವಾರ ಇರು. ರಜೆ ಮೂರೇ ದಿನ ಇದ್ದರೆ ಹತ್ತಿರದ ದ್ವೀಪಕ್ಕೆ ಹೋಗು. ಹತ್ತಿರದ್ದಕ್ಕೆ ಖರ್ಚು ಹೋಗುವುದರಲ್ಲಿಲ್ಲ, ಇರುವುದರಲ್ಲಿದೆ. ಅಲ್ಲಿ ಬೇಗ ಬಂದಷ್ಟೂ ಉಳಿತಾಯ.

ಹತ್ತಿರದ್ದು ಅಂದೆನಲ್ಲ. ನಿಪ್ಪಾಣಿ ದಾಟಿ ಮುಧಾಳ ತಿಟ್ಟಾ, ರಾಧಾನಗರಿ, ದಾಜಿಪುರದ ಅಡವಿ, ಫೋಂಡಾ ಘಾಟ್ ಇಳಿದು ಕಣಕವಲಿಯ ಮೇಲೆ ಹೋದರೆ ಮಾಲವಣ. ನಿಪ್ಪಾಣಿಯಿಂದ ಸುಮಾರು ನೂರೈವತ್ತು ಕಿಲೋಮೀಟರು. ಸಂಕೇಶ್ವರ, ಆಜ್ರಾ, ಅಂಬೋಲಿಯ ಮೇಲೂ ಇಳಿಯಬಹುದು. ಮಾಲವಣದ ಜೆಟ್ಟಿಯಲ್ಲಿ ನಿಂತರೆ ಎದುರಿಗೆ ನೀರಿನ ನಡುವೆ ಸಿಂಧುದುರ್ಗ. ಕುರ್ಟೆ ಅನ್ನುವ ಬಂಡೆಯ ದ್ವೀಪದ ಮೇಲೆ ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲು ಶುರು ಮಾಡಿ ಮೂರು ವರ್ಷದಲ್ಲಿ ಮುಗಿಸಿದ ಕೋಟೆ. ಬೋಟಿನಲ್ಲಿ ಹತ್ತು-ಹದಿನೈದು ನಿಮಿಷ. ಪಕ್ಕದಲ್ಲೇ ತಾರಕರ್ಲಿ, ದೇವಬಾಗದ ಉಸುಕಿನ ತೀರ. ಮನೆಯಲ್ಲೇ ಒಂದೆರಡು ಕೋಣೆ ಬಾಡಿಗೆಗೆ ಕೊಡುವ ಸಂಸಾರಗಳು ಅಲ್ಲಿ ಬೇಕಾದಷ್ಟಿವೆ. ಮೀನು ತಿನ್ನದವರಿಗೆ ಬೇರೆ ತಾಟು ಬಡಿಸುತ್ತಾರೆ. ಮರಾಠಿ ನಿನಗೆ ಬರುತ್ತದೆ. ನಿಪ್ಪಾಣಿ ಸಂತೆಯಲ್ಲಿ ಬೆಳೆದವನು ಮಾಲವಣದಲ್ಲಿ ಪರದೇಶಿಯಲ್ಲ.

ನಾನು ನನ್ನ ಅವ್ವನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಆಗ ಅವಳಿಗೆ ಅರವತ್ತೆಂಟು. ಅಲ್ಲಿಯವರೆಗೆ ಅವಳು ಕಂಡ ದೊಡ್ಡ ನೀರು ಅಂದರೆ ಯಡೂರಿನ ಹತ್ತಿರದ ಕೃಷ್ಣೆ. ಸಮುದ್ರ ನೋಡಿ ಮೊದಲು ಅವಳು ಮಾತಾಡಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಬೊಗಸೆಯಲ್ಲಿ ನೀರು ತಗೊಂಡು ನಾಲಿಗೆಗೆ ಹಚ್ಚಿ, “ಇಷ್ಟು ನೀರಿದ್ದೂ ಒಂದು ಎಮ್ಮಿಗೆ ಕುಡಿಸಾಕ ಬರಂಗಿಲ್ಲಲ್ಲೋ” ಅಂದಳು. ಕೋಟೆಯೊಳಗೆ ಮೂರು ಬಾವಿ ಇವೆ. ದೂಧಬಾವ್, ದಹಿಬಾವ್, ಸಾಖರಬಾವ್. ಹಾಲು, ಮೊಸರು, ಸಕ್ಕರೆ. ಸುತ್ತ ಉಪ್ಪುನೀರು, ನಡುವೆ ಈ ಮೂರರಲ್ಲಿ ಸಿಹಿನೀರು. ಅವ್ವ ಆ ನೀರು ಕುಡಿದು, ಉಳಿದದ್ದನ್ನು ತಂಬಿಗೆಯಲ್ಲಿ ತುಂಬಿಕೊಂಡಳು. ಫೋಂಡಾ ಘಾಟ್ ಹತ್ತುವಾಗ ಬಸ್ಸಿನ ತಿರುವಿನಲ್ಲಿ ಒಂದು ಹನಿ ಚೆಲ್ಲದಂತೆ ಮಡಿಲಲ್ಲಿ ಹಿಡಿದು ಕೂತಿದ್ದಳು. ಊರಿಗೆ ಬಂದು ಓಣಿಯವರಿಗೆಲ್ಲ ಒಂದೊಂದು ಉದ್ಧರಣೆ ಕೊಟ್ಟಳು. ಆ ಪ್ರಯಾಣದ ಇಡೀ ಖರ್ಚು ನನ್ನ ಒಂದು ತಿಂಗಳ ಪಗಾರದ ಕಾಲು ಭಾಗವೂ ಆಗಿರಲಿಲ್ಲ. ಅಂಡಮಾನದ ನೀಲಿ ನೀರಿಗಿಂತ ಆ ತಂಬಿಗೆಯೇ ನನಗೆ ಮೊದಲು ನೆನಪಾಗುತ್ತದೆ. ಒಂದು ಎಚ್ಚರ. ಮೇ ಕೊನೆಯ ವಾರದಿಂದ ಆಗಸ್ಟ್ ಮುಗಿಯುವವರೆಗೆ ಅಲ್ಲಿಯ ಬೋಟು ಬಂದ್. ಆ ದಿನಗಳಲ್ಲಿ ಹೋದರೆ ಕೋಟೆಯನ್ನು ದಂಡೆಯಿಂದಲೇ ನೋಡಿ ಬರಬೇಕು.

ನಮ್ಮ ರಾಜ್ಯದ್ದೇ ಬೇಕು ಅಂದರೆ ಉಡುಪಿಯ ಮಲ್ಪೆಗೆ ಹೋಗು. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀ. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪ. ಅಲ್ಲಿಯ ಕಲ್ಲು ನೋಡಬೇಕು ನೀನು. ಉಳಿ ಹಿಡಿದು ಕೆತ್ತಿದ ಹಾಗೆ ಆರು ಮೂಲೆಯ ಕಂಬಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಸೀಳಿಕೊಂಡು ಹೋಗುವಾಗ ಉಕ್ಕಿದ ಲಾವಾ ತಣ್ಣಗಾಗಿ ಆದ ಕಂಬಗಳಂತೆ. ಇಡೀ ದ್ವೀಪದಲ್ಲಿ ರಾತ್ರಿ ಉಳಿಯಲಿಕ್ಕೆ ಬಿಡುವುದಿಲ್ಲ. ಬಿಡದಿರುವುದೇ ನಿನ್ನ ಕಿಸೆಗೆ ಒಳ್ಳೆಯದು. ಉಡುಪಿಯಲ್ಲಿ ಕೃಷ್ಣ ಮಠದ ಊಟ ಇದೆ, ಸೋವಿ ವಸತಿ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನೀರಿನೊಳಗೆ ಮುಳುಗಿಸಿ ಹವಳ ತೋರಿಸುತ್ತಾರೆ. ಅದು ಸಾವಿರಗಳ ಬಾಬತ್ತು. ಒಮ್ಮೆ ಮಾಡು ಬೇಕಾದರೆ, ದುಡಿದ ದುಡ್ಡಿನಲ್ಲಿ.

ಲಕ್ಷದ್ವೀಪ ಅಂತ ನಿನ್ನ ಗೆಳೆಯ ಅಂದನಂತೆ. ಚೆಂದದ ಜಾಗ, ಆದರೆ ಮನಸ್ಸು ಬಂದಾಗ ಎದ್ದು ಹೋಗುವ ಜಾಗವಲ್ಲ. ಪರವಾನಗಿ ಬೇಕು. ಕೊಚ್ಚಿಯಿಂದ ಹಡಗಿನಲ್ಲಿ ಹೋಗಬೇಕು, ಇಲ್ಲ ಅಗತ್ತಿಗೆ ವಿಮಾನದಲ್ಲಿ. 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ ಮಾತ್ರ. ಕೈ ಸಡಿಲ ಇದ್ದವರಿಗೆ ಸರಿ. ಆದರೆ ಒಂದು ಸಂಗತಿ ತಿಳಿದಿರಲಿ. ಅದರ ಉತ್ತರದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳನ್ನು ಅಮೀನ್‌ದೀವಿ ಅನ್ನುತ್ತಿದ್ದರು. 1956ರ ನವೆಂಬರ್ 1ರವರೆಗೂ ಅವು ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಅಲ್ಲಿಯ ಜನ ತೆಂಗಿನ ನಾರು ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ನಿಪ್ಪಾಣಿಗೆ ತಂಬಾಕು ತಂದು ಜೋಳ ಒಯ್ದ ಹಾಗೆ. ದ್ವೀಪದವರು ಬೇರೆ ಲೋಕದವರಲ್ಲ, ಅವರೂ ನಮ್ಮ ಹಾಗೆ ಬೆಳೆ ಮಾರಿ ಬದುಕಿದವರು. ಬಾಲಿ, ಫುಕೆಟ್ ಅನ್ನುವವರ ಮಾತು ಈಗ ಬೇಡ. ಪಾಸ್‌ಪೋರ್ಟ್ ಇಲ್ಲದವನಿಗೆ ಆ ಚಿಂತೆ ಯಾಕೆ?

ಇಷ್ಟು ಹೇಳಿದರೂ ನಿನ್ನ ಮನಸ್ಸು ಅಂಡಮಾನದಲ್ಲೇ ಇದೆ, ಗೊತ್ತು ನನಗೆ. ಹೋಗು. ಹೋಗಬಾರದು ಅಂತ ನಾನು ಬರೆಯುತ್ತಿಲ್ಲ. ಆದರೆ ಬರೋಬ್ಬರಿ ಹೋಗು.

ಚೆನ್ನೈಯಿಂದ ಹಡಗೂ ಇದೆ, ಸುಮಾರು ಮೂರು ದಿನದ ಹಾದಿ. ಟಿಕೆಟ್ ಸೋವಿ. ಆದರೆ ತಿಂಗಳಿಗೆ ಕೆಲವೇ ಸಲ ಹೊರಡುತ್ತದೆ, ಹೊರಡುವ ದಿನ ಹಿಂದೆ-ಮುಂದೆ ಆಗುತ್ತದೆ, ಹೊಟ್ಟೆ ತೊಳಸಿದರೆ ಇಳಿಯಲಿಕ್ಕೆ ನಿಲ್ದಾಣವಿಲ್ಲ. ಹದಿನೈದು ದಿನ ಬಿಡುವಿದ್ದವನು ಹೋಗಲಿ. ನೀನು ವಿಮಾನ ಹಿಡಿ, ಎರಡು-ಮೂರು ತಿಂಗಳು ಮುಂಚೆ ತೆಗೆಸು. ವಾರದ ನಡುವಿನ ದಿನ ನೋಡು. ರೈಲಿನ ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿನಂತೆ 120 ಅಲ್ಲ. ತೆರೆದ ದಿನವೇ ತೆಗೆಸು. ಬೆಳಿಗ್ಗೆ ರೈಲು ಚೆನ್ನೈ ಮುಟ್ಟುತ್ತದೆ, ಅದೇ ಮಧ್ಯಾಹ್ನ ವಿಮಾನ ಅಂತ ಹೆಣೆಯಬೇಡ. ರೈಲು ನಾಲ್ಕು ತಾಸು ತಡವಾದರೆ ವಿಮಾನ ನಿನ್ನ ಸಲುವಾಗಿ ನಿಲ್ಲುವುದಿಲ್ಲ. ಒಂದು ರಾತ್ರಿ ಚೆನ್ನೈಯಲ್ಲಿ ಮಲಗು.

ಊರಿನ ಹೆಸರುಗಳು ಬದಲಾಗಿವೆ, ಗೊಂದಲ ಮಾಡಿಕೊಳ್ಳಬೇಡ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ನಾವು ಹೋಗುವ ಎರಡು ತಿಂಗಳ ಮೊದಲಷ್ಟೇ ಹೆಸರಿಟ್ಟಿದ್ದರು, ಅಲ್ಲಿಯವರೆಲ್ಲ ಹಳೆಯದನ್ನೇ ಅನ್ನುತ್ತಿದ್ದರು. ದ್ವೀಪದಿಂದ ದ್ವೀಪಕ್ಕೆ ಖಾಸಗಿ ಹಡಗಿಗಿಂತ ಸರ್ಕಾರಿ ಹಡಗು ಅರ್ಧಕ್ಕೂ ಕಡಿಮೆ. ಒಂದು ತಾಸು ಹೆಚ್ಚು ಹಿಡಿಯಬಹುದು, ಹಿಡಿಯಲಿ. ಡೆಕ್ಕಿನ ಮೇಲೆ ನಿಂತು ಗಾಳಿ ತಿನ್ನಬಹುದು.

ಎಲ್ಲಾ ದ್ವೀಪ ನೋಡುವ ಆಸೆ ಬಿಡು. ಮೂರು ಸಾಕು. ದೊಡ್ಡ ಊರಿನಲ್ಲಿ ಸೆಲ್ಯುಲರ್ ಜೈಲು ನೋಡಲೇಬೇಕು. 1896ರಿಂದ 1906ರವರೆಗೆ ಕಟ್ಟಿದ್ದು. ಏಳು ರೆಕ್ಕೆ ಇದ್ದವು, ಈಗ ಮೂರು ಉಳಿದಿವೆ. ಒಬ್ಬ ಕೈದಿ ಇನ್ನೊಬ್ಬನ ಮುಖ ನೋಡದಂತೆ ಒಂದು ರೆಕ್ಕೆಯ ಬಾಗಿಲು ಇನ್ನೊಂದರ ಬೆನ್ನಿಗೆ ಬರುವ ಹಾಗೆ ಕಟ್ಟಿದ್ದಾರೆ. ನಿಮ್ಮ ಅಜ್ಜಿ ಒಂದು ಕೋಣೆಯೊಳಗೆ ಹೋಗಿ ನಿಂತು, ಹೊರಗೆ ಬಂದ ಮೇಲೆ ಸಂಜೆವರೆಗೆ ಸುಮ್ಮನಿದ್ದಳು. ಅಲ್ಲಿ ರೀಲ್ ಮಾಡಬೇಡ. ಆಮೇಲೆ ಹ್ಯಾವ್‌ಲಾಕಿನ ರಾಧಾನಗರ ತೀರ. ನಮ್ಮ ರಾಧಾನಗರಿಯ ಹೆಸರೇ ಕಿವಿಗೆ ಬಿದ್ದ ಹಾಗಾಯಿತು ನನಗೆ. ಕೊನೆಗೆ ನೀಲ್. ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ. ಸಣ್ಣ ದ್ವೀಪ, ಸೈಕಲ್ ಬಾಡಿಗೆಗೆ ತಗೊಂಡರೆ ಒಂದು ದಿನದಲ್ಲಿ ತಿರುಗಿ ಮುಗಿಯುತ್ತದೆ. ಸೀತಾಪುರ, ಲಕ್ಷ್ಮಣಪುರ, ಭರತಪುರ ಅಂತ ತೀರಗಳ ಹೆಸರು. ಪೂರ್ವ ಬಂಗಾಲದಿಂದ ನಿರಾಶ್ರಿತರಾಗಿ ಬಂದವರನ್ನು ಅಲ್ಲಿ ನೆಲೆಗೊಳಿಸಿದ್ದರು. ಅವರು ಹೊಲ ಮಾಡಿ ಅಂಡಮಾನಕ್ಕೆಲ್ಲ ಕಾಯಿಪಲ್ಯೆ ಕಳಿಸುತ್ತಾರೆ. ಬದನೆಕಾಯಿ ಮಡಿ ನೋಡಿ ನಿಮ್ಮ ಅಜ್ಜಿ ಆ ಹೊಲದ ಹೆಣ್ಣುಮಗಳ ಜೊತೆ ಅರ್ಧ ತಾಸು ಮಾತಾಡಿದಳು. ಇವಳಿಗೆ ಬಂಗಾಲಿ ಬರದು, ಅವಳಿಗೆ ಕನ್ನಡ ಬರದು. ಅರ್ಧ ಹಿಂದಿ, ಅರ್ಧ ಕೈಸನ್ನೆ. ಮಧ್ಯಾಹ್ನದ ಊಟ ಅವರ ಮನೆಯಲ್ಲೇ ಆಯಿತು. ಆ ದಿನದ ಪುಟದಲ್ಲಿ ಊಟದ ಎದುರಿಗೆ ನಾನು ಏನೂ ಬರೆದಿಲ್ಲ.

ನಿನ್ನ ಜೊತೆ ಶೇಡಬಾಳದ ಜೈನರ ಹುಡುಗನೂ ಬರುತ್ತಾನಂತಲ್ಲ. ಅವನಿಗೊಂದು ಮಾತು ಮೊದಲೇ ಹೇಳು. ಅಂಡಮಾನ ನಮಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಹೊತ್ತು ಮುಳುಗುತ್ತದೆ, ಮಾರ್ಚಿನಲ್ಲಿ ಐದೂವರೆ. ಹೊತ್ತು ಮುಳುಗುವ ಮುಂಚೆ ಉಣ್ಣುವವನು ನಾಲ್ಕೂವರೆಗೇ ತಾಟಿನ ಮುಂದೆ ಕೂರಬೇಕು. ಹೋಟೆಲಿನವರಿಗೆ ಬೆಳಿಗ್ಗೆಯೇ ಹೇಳಿಡಬೇಕು. ನಿನಗೂ ಅದೇ ಲಾಭ. ಐದಕ್ಕೆ ಏಳುವವನಿಗೆ ಅಲ್ಲಿ ಇಡೀ ದಿನ ಸಿಗುತ್ತದೆ, ಒಂಬತ್ತಕ್ಕೆ ಏಳುವವನಿಗೆ ಅರ್ಧ. ರೂಮಿನ ಬಾಡಿಗೆ ಇಬ್ಬರಿಗೂ ಒಂದೇ. ಒಂಬತ್ತಕ್ಕೆ ಏಳುವ ಹುಡುಗ ಯಾರಂತ ನಾನು ಹೆಸರು ಹೇಳುವುದಿಲ್ಲ.

ಬುತ್ತಿ ಕಟ್ಟಿಕೊ. ನಾಚಿಕೆ ಬೇಡ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ನಮ್ಮ ಹಿರಿಯರು ಗಾಡಿ ಕಟ್ಟಿ ಹೋಗುತ್ತಿದ್ದಾಗ ಹೋಟೆಲು ಹುಡುಕಿದವರಲ್ಲ. ಖಡಕ್ ರೊಟ್ಟಿ ಹದಿನೈದು ದಿನ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಶೇಂಗಾ ಹೋಳಿಗೆ. ವಿಮಾನದಲ್ಲಿ ಸಾಮಾನಿನ ಚೀಲ 15 ಕಿಲೋ, ಕೈಚೀಲ 7 ಕಿಲೋ, ಅದರೊಳಗೆ ಹೊಂದಿಸು. ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡ. ಒಣಕೊಬ್ಬರಿ ಬಟ್ಟಲಂತೂ ಒಯ್ಯಲೇಬೇಡ, ಎಣ್ಣೆಯ ಅಂಶಕ್ಕೆ ಬೆಂಕಿ ಹಿಡಿಯುತ್ತದೆ ಅಂತ ಬಿಡುವುದಿಲ್ಲ. ಅಥಣಿಯ ಚಪ್ಪಲಿ ಮೆಟ್ಟಿಕೊಂಡು ಮೆರೆಯುವ ಆಸೆ ನಿನಗೆ. ಮನೆಯಲ್ಲೇ ಬಿಡು ಅದನ್ನು. ಆ ಚರ್ಮ ಹದ ಮಾಡಲಿಕ್ಕೆ ಮಾಡುವವರು ವಾರಗಟ್ಟಲೆ ದುಡಿದಿರುತ್ತಾರೆ, ಉಪ್ಪುನೀರು ಎರಡು ದಿನದಲ್ಲಿ ಸೆಟೆಸಿಬಿಡುತ್ತದೆ. ನೂರಿನ್ನೂರರ ರಬ್ಬರಿನದು ಸಾಕು. ನಗದು ಸ್ವಲ್ಪ ಇಟ್ಟುಕೊ. 2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದಡಿ ಸುಮಾರು 2,300 ಕಿಲೋಮೀಟರು ಕೇಬಲ್ ಹಾಕಿದ ಮೇಲೆ ಇಂಟರ್‌ನೆಟ್ ಸುಧಾರಿಸಿದೆ, ಆದರೂ ಸಣ್ಣ ದ್ವೀಪದಲ್ಲಿ ಫೋನಿನ ದುಡ್ಡು ಎಲ್ಲ ಕಡೆ, ಎಲ್ಲ ಹೊತ್ತಿಗೂ ನಡೆಯುತ್ತದೆ ಅಂತ ಕೂರಬೇಡ.

ಈಗ ಆ ಸೋವಿ ಪ್ಯಾಕೇಜಿನ ಮಾತು. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ತಂದರೆ ರೊಟ್ಟಿ ಯಾರ ಹೊಟ್ಟೆಗೂ ಸೇರುವುದಿಲ್ಲ. ನನ್ನ ತಂಗಿಯ ಮಗ ಹಾಗೆ ಒಬ್ಬ ಏಜೆಂಟನ ಕೈಗೆ ದುಡ್ಡು ಕೊಟ್ಟು ಐದು ಮಂದಿಯ ಜೊತೆ ಹೋಗಿದ್ದ. ಏಜೆಂಟ ಹಾಕಿಕೊಟ್ಟ ಲೆಕ್ಕದಲ್ಲಿ ಒಂದು ದಿನವೂ ಸಡಿಲ ಇರಲಿಲ್ಲ. ಬೆಳಿಗ್ಗೆ ನೀಲ್‌ನಿಂದ ಹಡಗು, ಅದೇ ಮಧ್ಯಾಹ್ನ ವಿಮಾನ. ಆ ಬೆಳಿಗ್ಗೆ ಗಾಳಿ ಎದ್ದು ಹಡಗು ನಿಂತಿತು. ಎರಡು ದಿನ ಅಲ್ಲೇ ಕೂತರು. ವಿಮಾನ ಹೋಯಿತು. ಆರು ಹೊಸ ಟಿಕೆಟ್, ಅದೂ ಆ ದಿನದ ದರಕ್ಕೆ. ಊರಿಗೆ ಫೋನ್ ಮಾಡಿ ಅವ್ವನ ಬಂಗಾರ ಅಡ ಇಡಿಸಿ ದುಡ್ಡು ತರಿಸಿಕೊಂಡ. ಅದಕ್ಕೇ ಹೇಳುವುದು: ಮರಳುವ ವಿಮಾನದ ಹಿಂದಿನ ರಾತ್ರಿ ದೊಡ್ಡ ಊರಿನಲ್ಲೇ ಇರಬೇಕು. ಕೊನೆಯ ಬೋಟಿನ ಮೇಲೆ ನಂಬಿಕೆ ಇಡಬೇಡ. ಕೊನೆಯ ಬೋಟಿನ ಹಿಂದಿನ ಬೋಟು ಹಿಡಿ. ಸಾಧ್ಯವಾದರೆ ಅದರ ಹಿಂದಿನದು.

ಸಾಲ ಮಾಡಿ ಹೋಗಬೇಡ. ಫೋನಿನಲ್ಲಿ ಎರಡು ನಿಮಿಷಕ್ಕೆ ಸಾಲ ಸಿಗುತ್ತದೆ, ಗೊತ್ತು. ಹೊಲಕ್ಕೆ ಗೊಬ್ಬರ ತರಲಿಕ್ಕೆ ಮಾಡಿದ ಸಾಲ ಬೆಳೆಯಾಗಿ ಮರಳುತ್ತದೆ. ತಿರುಗಾಟಕ್ಕೆ ಮಾಡಿದ ಸಾಲ ಫೋಟೋ ಆಗಿ ಉಳಿಯುತ್ತದೆ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಈ ವರ್ಷ ಕೈಯಲ್ಲಿ ಹತ್ತು ಸಾವಿರ ಇದೆಯೋ, ಮಾಲವಣಕ್ಕೆ ಹೋಗು. ಮುಂದಿನ ವರ್ಷದ ಬಿಲ್ಲಿನಲ್ಲಿ ಇನ್ನೊಂದಿಷ್ಟು ಎತ್ತಿಡು. ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ಬಿಕರಿಗೆ ಬಂದ ಎಮ್ಮೆಯಲ್ಲ ಅದು, ನಾಳೆ ಇನ್ನೊಬ್ಬ ಹೊಡೆದುಕೊಂಡು ಹೋಗಲಿಕ್ಕೆ.

ಐದು ಮಂದಿ ಹೋಗುವಾಗ ದುಡ್ಡು ಒಬ್ಬನ ಹತ್ತಿರ ಕೂಡಿಸಿ. ಹೊರಡುವ ಮೊದಲೇ ಸಮಪಾಲು ಹಾಕಿ. ರಾತ್ರಿ ಮಲಗುವ ಮುಂಚೆ ಎಲ್ಲರೆದುರು ಲೆಕ್ಕ ಓದಿ. “ಆಮ್ಯಾಲೆ ನೋಡೋಣು ಬಿಡು” ಅಂದ ಗೆಳೆತನಗಳು ಬೆಳಗಾವಿ ಮುಟ್ಟುವ ಮೊದಲೇ ಮುರಿದಿದ್ದನ್ನು ನನ್ನ ಬಸ್ಸಿನಲ್ಲೇ ನೋಡಿದ್ದೇನೆ. ಚಿಲ್ಲರೆ ಐದು ರೂಪಾಯಿಗೆ ಜಗಳ ಆಡಿದವರು ಮನಸ್ಸಿನಲ್ಲಿ ಐನೂರರ ಸಿಟ್ಟು ಇಟ್ಟುಕೊಂಡಿರುತ್ತಾರೆ. ಮತ್ತೆ ದೋಣಿಯವನ ಹತ್ತಿರ, ರೂಮು ಒರೆಸುವ ಹೆಣ್ಣುಮಗಳ ಹತ್ತಿರ ಇಪ್ಪತ್ತು ರೂಪಾಯಿಗೆ ಜಗ್ಗಾಡಿ ಅದನ್ನು ಉಳಿತಾಯ ಅನ್ನಬೇಡ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಬೆರಳು ನೋಡಿ ಬೆಳೆದವನು ನೀನು. ದಿನಗೂಲಿಯ ಬೆಲೆ ನಿನಗೆ ಗೊತ್ತು.

ಇನ್ನೊಂದು ಮಾತು. ಇದನ್ನು ಮಾತ್ರ ತಮಾಷೆಯಾಗಿ ತಗೊಬೇಡ. ಕೃಷ್ಣೆಯಲ್ಲಿ ಈಜಿದ್ದೇನೆ ಅನ್ನುವ ಸೊಕ್ಕು ಸಮುದ್ರದಲ್ಲಿ ಬೇಡ. ನದಿ ಒಂದು ಕಡೆ ಎಳೆಯುತ್ತದೆ. ಸಮುದ್ರ ಯಾವ ಕಡೆ ಎಳೆಯುತ್ತದೆಂದು ಎಳೆದ ಮೇಲೆ ಗೊತ್ತಾಗುತ್ತದೆ. ಅಂಡಮಾನದಲ್ಲಿ ಉಪ್ಪುನೀರಿನ ಮೊಸಳೆಯೂ ಇದೆ, ನಮ್ಮ ಹೊಳೆಯದಕ್ಕಿಂತ ದೊಡ್ಡದು. ಬೋರ್ಡ್ ಹಾಕಿದ ಕಡೆ ನೀರಿಗೆ ಇಳಿಯಬೇಡ. ಉಬ್ಬರ-ಇಳಿತದ ಹೊತ್ತನ್ನು ಬೆಳಿಗ್ಗೆಯೇ ಕೇಳಿಕೊ. ಲೈಫ್ ಜಾಕೆಟ್ ಕೊಟ್ಟರೆ ಹಾಕಿಕೊ, ಕೊಡದಿದ್ದರೆ ಆ ಬೋಟು ಹತ್ತಬೇಡ. ನಾವು ಅಂಡಮಾನಕ್ಕೆ ಹೊರಡುವ ಕೆಲವೇ ದಿನ ಮುಂಚೆ, 2019ರ ಜನವರಿಯಲ್ಲಿ, ಕಾರವಾರದ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿತು. ಹೆಚ್ಚು ಜನ ತುಂಬಿದ್ದರು. ಹತ್ತಾರು ಮಂದಿ ತೀರಿಕೊಂಡರು, ಅದರಲ್ಲಿ ಸಣ್ಣ ಮಕ್ಕಳೂ ಇದ್ದರು. ನಮ್ಮ ಉತ್ತರ ಕರ್ನಾಟಕದ ಕಡೆಯಿಂದ ದೇವರಿಗೆಂದು ಹೋದವರು. ಬಸ್ಸಿನಲ್ಲಿ ಜೋತು ಬೀಳುವುದನ್ನು ನಾನು ಮೂವತ್ತೊಂದು ವರ್ಷ ಬೈಯುತ್ತ ಬಂದೆ, ನೀವು ಯಾರೂ ಕೇಳಲಿಲ್ಲ. ದೋಣಿ ತುಂಬಿದ್ದರೆ ಇಳಿದುಬಿಡು. ಮುಂದಿನದಕ್ಕೆ ಕಾಯಿ. ಅಜ್ಜನ ಮೇಲಿನ ಪ್ರೀತಿ ಇದ್ದರೆ ಇಷ್ಟು ಕೇಳು.

ಸಾಧ್ಯವಾದರೆ ಮೊದಲ ಸಲ ಗೆಳೆಯರ ಜೊತೆ ಅಲ್ಲ, ನಿನ್ನ ಅವ್ವನನ್ನು ಕರಕೊಂಡು ಮಾಲವಣಕ್ಕೆ ಹೋಗಿ ಬಾ. ಅವಳು ಸಮುದ್ರ ನೋಡಿಲ್ಲ. ನಾನು ಕೇಳಿದ್ದೇನೆ. “ನನಗ್ಯಾಕೋ ಅದು, ಹುಡುಗ ಹೋಗಿ ಬರಲಿ” ಅಂದಳು. ನಿನ್ನ ಪಗಾರದ ಮೊದಲ ಕಾಸಿನಲ್ಲಿ ಅವಳು ಪಾತ್ರೆ ಕೊಂಡಳು, ಸೀರೆ ಕೊಳ್ಳಲಿಲ್ಲ. ಅಂಥವಳು “ಹೋಗೋಣ ನಡಿ” ಅಂತ ಬಾಯಿಬಿಟ್ಟು ಎಂದೂ ಅನ್ನುವುದಿಲ್ಲ. ನೀನೇ ಟಿಕೆಟ್ ತೆಗೆಸಿ ತಂದು ಕೈಯಲ್ಲಿಡಬೇಕು.

ಹೊರಡುವ ಮುಂಚೆ ಒಂದು ಸಂಜೆ ಮನೆಗೆ ಬಾ. ನನ್ನ ಲೆಕ್ಕದ ಪುಸ್ತಕ ದೇವರ ಮನೆಯ ಮಾಡಿನಲ್ಲಿದೆ, ಒಯ್ಯಿ. ಹಿಂದಿನ ಪುಟಗಳು ಖಾಲಿ ಇವೆ, ಅದರಲ್ಲೇ ನಿನ್ನದನ್ನೂ ಬರೆ. ಬರುವಾಗ ನನಗೆ ಚಿಪ್ಪು, ಹವಳ ತರಬೇಡ. ಹವಳ ತೆಗೆಯುವುದು ಕಾನೂನಿಗೆ ವಿರೋಧ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ನನಗೆ ಬೋಟಿನ ಟಿಕೆಟ್ ತಾ. ಮೂರು ದಶಕ ಊರವರಿಗೆಲ್ಲ ಟಿಕೆಟ್ ಹರಿದು ಕೊಟ್ಟೆ, ನನ್ನ ಹತ್ತಿರ ಉಳಿದದ್ದು ಕಡಿಮೆ. ಸಿಂಧುದುರ್ಗದ್ದು ಒಂದು ಇದೆ, ಅವ್ವ ತಂಬಿಗೆಯ ಕೆಳಗೆ ಒತ್ತಿಟ್ಟುಕೊಂಡಿದ್ದು, ಒದ್ದೆಯಾಗಿ ಅಕ್ಷರ ಅಳಿಸಿದೆ. ನಿನ್ನದನ್ನು ಒಣಗಿದ್ದು ತಾ.